ಹನ್ನೆರಡನೇ ತಾರೀಖಿನೊಳಗೆ

೬ ನವೆಂಬರ್ ೧೯೪೪, ಶಿಗ್ಗಾಂವಿ. ಬೆಳಗಿನ ನಾಲ್ಕೂ ಹತ್ತು

ಹುಬ್ಬಳ್ಳಿ ಬಸ್ಸಿನ ಇದ್ದಿಲ ಒಲೆಗೆ ಗಾಳಿ ಹೊಡೆಯುವ ಚಕ್ರದ ಸಪ್ಪಳ. ಗರ್... ಗರ್... ಅದಕ್ಕೇ ಎಚ್ಚರಾಯಿತು. ಪೆಟ್ರೋಲು ಸಿಗದಾಗಿನಿಂದ ದಿನಾಲೂ ಇದೇ. ಅರ್ಧ ತಾಸು ತಿರುವಿದರೆ ಒಂದು ಸಲ ಕೆಮ್ಮುತ್ತದೆ ಆ ಬಸ್ಸು. ಸರೋಜ ಏಳಲಿಲ್ಲ. ಏಳು ತಿಂಗಳ ಕೂಸಿಗೆ ನಿದ್ದೆ ಹತ್ತುತ್ತದೆ, ತಾಯಿಗೆ ಹತ್ತುವುದಿಲ್ಲ.

ರಾತ್ರಿಯೇ ಎರಡು ಸಲ ಎದ್ದು ಹಾಲು ಕುಡಿದಿದ್ದಳು. ನಡುವೆ ಕಂದೀಲು ಸಣ್ಣ ಮಾಡಿ ಎರಡೂ ಆಸ್ಪತ್ರೆಗಳ ಪತ್ರ ಓದಿದ್ದೆ. ಬಾಯಿಪಾಠ ಆಗಿವೆ, ಆದರೂ.

ಬರೆದಾದರೂ ನೋಡೋಣ. ಎಂ.ಬಿ.ಬಿ.ಎಸ್. ಪರೀಕ್ಷೆಗೆ ಓದುವಾಗ ಹೀಗೇ ಮಾಡುತ್ತಿದ್ದೆ.

ಮುಂಬಯಿ. ದೊಡ್ಡ ಆಸ್ಪತ್ರೆ, ಪೆಥಾಲಜಿಯಲ್ಲಿ ರೆಸಿಡೆಂಟ್, ಎರಡು ವರ್ಷ. ಜೊತೆಗೇ ಎಂ.ಡಿ.ಗೆ ಕೂಡಬಹುದು. ಆಮೇಲೆ ರಿಪೋರ್ಟಿನ ಕೆಳಗೆ ಸಹಿ ನನ್ನದು. ಗಂಡಸರು ಯುದ್ಧಕ್ಕೆ ಹೋದದ್ದರಿಂದ ಜಾಗ ಖಾಲಿ ಇದೆ. ಅವರು ತಿರುಗಿ ಬಂದ ಮೇಲೆ ಹೆಂಗಸಿಗೆ ಯಾರು ಕೊಡುತ್ತಾರೆ? ಕ್ವಾರ್ಟರ್ಸಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ. ಆ ಸಾಲಿನ ಕೆಳಗೆ ಗೆರೆ ಎಳೆದಿದ್ದಾರೆ. ಡಿಸೆಂಬರ್ ಹನ್ನೆರಡರೊಳಗೆ ಒಪ್ಪಿಗೆಯ ತಾರು ಮುಟ್ಟಬೇಕು. ಮುಟ್ಟದಿದ್ದರೆ ಪಟ್ಟಿಯ ಮುಂದಿನ ಹೆಸರು.

ಪುಣೆ. ಸಣ್ಣ ಆಸ್ಪತ್ರೆ, ಒಂದೇ ವರ್ಷ. ಒಬ್ಬರೇ ಮುದುಕ ಡಾಕ್ಟರು, ಸ್ವಂತ ಕೈಯಿಂದ ಬರೆದಿದ್ದಾರೆ. ಹಿತ್ತಲಲ್ಲಿ ಎರಡು ಖೋಲಿ ಇವೆಯಂತೆ, ಕೂಸನ್ನು ಧಾರಾಳ ಕರೆದುಕೊಂಡು ಬಾ ಅಂದಿದ್ದಾರೆ. ಡಿಗ್ರಿ ಇಲ್ಲ. ಕಲಿಯುವುದು ಕಲಿಯಬಹುದು, ಸಹಿ ಮಾತ್ರ ಕೊನೆತನಕ ಬೇರೆಯವರದು.

ಬರೆದೆ. ಏನೂ ಹಗುರಾಗಲಿಲ್ಲ. ಬಸ್ಸು ಹೋಯಿತು.

೯ ನವೆಂಬರ್. ಮಧ್ಯಾಹ್ನ

ಸಾಲದ್ದಕ್ಕೆ ಅತ್ತೆಗೆ ಪೆಥಾಲಜಿ ಅಂದರೇನು ಅಂತ ತಿಳಿಸಿ ಹೇಳುವ ಹುಚ್ಚು ಬಂತು ನನಗೆ. ಜೋಳ ಹಸನು ಮಾಡುತ್ತ ಕೂತಿದ್ದೆವು.

‘ಅಂದ್ರ ಬ್ಯಾನಿ ಬಿಡಸೂದು ಅಲ್ಲೇನು?’

‘ಅಲ್ರೀ ಅತ್ತಿ. ಮೈಯಾಗಿನ ತುಣುಕು ತಗದು, ತೆಳ್ಳಗ ಕೊಯ್ದು, ದುರ್ಬೀನಿನ್ಯಾಗ ನೋಡಿ, ಬ್ಯಾನಿ ಯಾವ್ದು ಅಂತ ಹೇಳೂದು.’

‘ಅದನ್ನ ನಮ್ಮ ಓಣಿ ತಿಪ್ಪವ್ವ ನಾಲಿಗಿ ನೋಡಿ ಹೇಳ್ತಾಳ. ಅದಕ್ಕ ಮುಂಬೈಗೆ ಯಾಕ ಹೋಗಬೇಕವಾ ಸಾವಂತ್ರಿ?’

ನಗು ಬಂತು. ಆಮೇಲೆ ಅಳು ಬಂತು. ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. ‘ಹೋಗೂದಾದ್ರ ಪುಣೆಕ್ಕ ಹೋಗು. ಕೂಸು ಎದಿ ಬಿಡೂತನಕರೆ ತಾಯಿ ಹತ್ರ ಇರ್ಲಿ’ ಅಂದಳು. ಬೈದಂತೆ ಅಂದಳು, ಆದರೆ ಬೈಗಳಲ್ಲ.

೧೨ ನವೆಂಬರ್, ರವಿವಾರ

ಇವರು ಹುಬ್ಬಳ್ಳಿಯಿಂದ ಬಂದು ಸಂಜೆಗೇ ತಿರುಗಿ ಹೋದರು. ಹತ್ತಿಯ ಕಂಪನಿಯಲ್ಲಿ ಸುಗ್ಗಿ ಚಾಲೂ ಆಗಿದೆ. ಏನಾದರೂ ಜರೂರಿದ್ದರೆ ಗುದ್ಲೆಪ್ಪನವರ ಜಿನ್ನಿಂಗ್ ಫ್ಯಾಕ್ಟರಿಯಿಂದ ಆಫೀಸಿಗೆ ಫೋನ್ ಮಾಡಬೇಕಂತೆ. ಊಟಕ್ಕೆ ಬಡಿಸುತ್ತ ಕೇಳಿದೆ.

‘ಏನ್ ಮಾಡ್ಲಿ, ಹೇಳ್ರಿ.’

‘ನಿನಗ ಹೆಂಗ ಸರಿ ಅನಸ್ತದ ಹಂಗ ಮಾಡು. ನಾ ಅಡ್ಡ ಬರಾಂಗಿಲ್ಲ.’

‘ಅಡ್ಡ ಬರಬ್ಯಾಡ್ರಿ. ಜೋಡಿ ಬರ್ತೀರೇನು?’

ನಕ್ಕರು. ರೊಟ್ಟಿ ಮುರಿದರು. ‘ನಿನ್ನ ಇಚ್ಛಾ ಅಂದೆನಲ್ಲ’ ಅಂದರು.

ಮೆಡಿಕಲ್ ಕಾಲೇಜಿನ ಗೆಳತಿಯರು ಕೇಳಿದರೆ ಹೊಟ್ಟೆಕಿಚ್ಚು ಪಡುತ್ತಾರೆ. ಎಂಥ ಗಂಡ! ಬೈಯುವ ಗಂಡನಾದರೆ ಜಗಳ ಆಡಬಹುದು. ಇಚ್ಛೆಯನ್ನೆಲ್ಲ ನನ್ನ ತಲೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವವರ ಕೂಡ ಹೇಗೆ ಜಗಳ ಆಡಬೇಕು?

ಹಂಸಭಾವಿಯಿಂದ ಅಪ್ಪನ ಕಾರ್ಡು ಬಂದಿದೆ. ‘ಮನಸ್ಸಾಕ್ಷಿಯಂತೆ ನಡೆ.’ ಸಾಲಿ ಮಾಸ್ತರ ಅಲ್ಲವೇ, ನಾಲ್ಕು ಶಬ್ದ ಸಹ ದಂಡ ಮಾಡುವುದಿಲ್ಲ.

೧೫ ನವೆಂಬರ್. ಸಂತೆಯ ದಿನ

ಸವಣೂರಿನ ಮರಿಯಮಬಿ ಬಂದಿದ್ದಳು. ಮೂವತ್ತು ವರ್ಷದಿಂದ ಈ ಮನೆಗೆ ವೀಳ್ಯದೆಲೆ ಕೊಡುವವಳು. ಪುಟ್ಟಿ ಇಳಿಸಿ, ಅತ್ತೆಗೆ ಎಲೆ ಎಣಿಸಿ, ನನ್ನ ಕಡೆ ತಿರುಗಿ ಸೆರಗು ಸರಿಸಿದಳು. ‘ಡಾಕ್ಟರವ್ವಾ, ಇಲ್ಲೊಂದು ಅಡಿಕಿ ಕುಂತೈತಿ ನೋಡು. ಎಲಿ ಮಾರಾಕಿ ಅಂತ ಅಲ್ಲಾ ಅಡಿಕಿನೂ ಕೊಟ್ಟಾನ.’

ಎಡ ಮೊಲೆಯಲ್ಲಿ. ಗಟ್ಟಿ. ಒತ್ತಿದರೆ ಸರಿಯುವುದಿಲ್ಲ. ಮೂರು ತಿಂಗಳಾಯಿತಂತೆ. ಕೆಟ್ಟ ಗಂಟು ಅನಿಸಿತು. ಅವಳಿಗೆ ಗೊತ್ತಾಗದಿರಲಿ ಅಂತ ಸುಮ್ಮನೆ ಮಾತಾಡಿದೆ... ಎಲೆತೋಟಕ್ಕೆ ನೀರು ಹೇಗಿದೆ, ಸೊಸೆ ರಹಿಮಾಬಿಗೆ ಎಷ್ಟು ತಿಂಗಳು.

ಪಡಸಾಲೆಯಲ್ಲೇ ಮರಗಟ್ಟಿಸುವ ಸೂಜಿ ಹಾಕಿ ಒಂದು ತುಣುಕು ತೆಗೆದೆ. ಕಡಲೆಕಾಳಿನಷ್ಟು. ಎರಡು ಹೊಲಿಗೆ. ಅಗಲ ಬಾಯಿಯ ಸೀಸೆಯಲ್ಲಿ ಫಾರ್ಮಲಿನ್ ಹಾಕಿ ಅದರಲ್ಲಿ ಬಿಟ್ಟೆ. ಕೊಳೆಯುವುದಿಲ್ಲ. ನಾಳೆ ಪುಣೆಯ ಮುದುಕ ಡಾಕ್ಟರಿಗೆ ಪಾರ್ಸೆಲ್ ಮಾಡಬೇಕು, ನೋಡಿ ಹೇಳಲಿ. ಪಡಸಾಲೆ ಗೋಡೆಯ ಮಾಡದಲ್ಲಿ ಇಟ್ಟಿದ್ದೇನೆ, ಬೆಕ್ಕಿಗೆ ಎಟುಕದಂತೆ.

ಬೆಕ್ಕಿನದಷ್ಟೇ ಚಿಂತೆ ಮಾಡಿದೆ.

೧೬ ನವೆಂಬರ್

ಪಾರ್ಸೆಲ್ಲಿಗೆ ಕಟ್ಟಿಗೆಯ ಪೆಟ್ಟಿಗೆ, ಅರಳೆ ಎಲ್ಲ ತಂದುಕೊಂಡು ನೋಡುತ್ತೇನೆ, ಮಾಡ ಖಾಲಿ.

‘ಅತ್ತಿ, ಇಲ್ಲಿದ್ದ ಸೀಸೆ?’

‘ತೊಳದು ಡಬ್ಬ ಹಾಕೇನಿ, ಬಚ್ಚಲ ಕಟ್ಟಿ ಮ್ಯಾಲ ನೋಡು. ಏನ್ ವಾಸನಿ ಅವಾ, ಕಣ್ಣಾಗ ನೀರು ಬಂತು.’

‘ಅದರಾಗಿಂದು?’

ಅತ್ತೆ ದನಿ ತಗ್ಗಿಸಿದಳು. ‘ಮಣ್ಣು ಮಾಡಿದೆ.’

ಪೆಟ್ಟಿಗೆ ಕೆಳಗಿಟ್ಟೆ.

‘ಮನಷ್ಯಾರ ತುಣುಕವಾ ಅದು. ಲಿಂಗಪೂಜಿ ಮಾಡೂ ಮನ್ಯಾಗ, ಉಪ್ಪಿನಕಾಯಿ ಇಟ್ಟಂಗ ಇಡತಾರೇನು? ಹಿತ್ತಲದಾಗ ಬನ್ನಿಗಿಡದ ಬುಡಕ ಗೇಣುದ್ದ ತಗ್ಗು ತೋಡಿ, ಇಬತ್ತಿ ಹಚ್ಚಿ, ಎರಡು ಪತ್ರಿ ಇಟ್ಟು ಮುಚ್ಚೇನಿ. ಹೋಳಾದ್ರೂ ಅದು ಮೈನ. ಅದಕ್ಕೂ ಮಣ್ಣಿನ ಹಕ್ಕೈತಿ.’

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಯಾವ ಆಸ್ಪತ್ರೆಯಲ್ಲೂ ಒಂದು ತುಣುಕಿಗೆ ಇಷ್ಟು ಮರ್ಯಾದೆ ಮಾಡಿದ್ದನ್ನು ನಾನು ಕಂಡಿಲ್ಲ. ಹೋಗಿ ತೋಡಿದೆ. ಇರುವೆ ಹತ್ತಿದ್ದವು. ನೋಡಲು ಬರುವಂಥದ್ದೇನೂ ಉಳಿದಿರಲಿಲ್ಲ. ತಿರುಗಿ ಮುಚ್ಚಿದೆ.

ತಪ್ಪು ನನ್ನದು. ಅದು ಏನು, ಯಾಕೆ ಬೇಕು ಅಂತ ಹೇಳಿರಲಿಲ್ಲ. ಐದು ವರ್ಷ ಕಲಿತವಳು ಬೆಕ್ಕಿಗೆ ಹೆದರಿದೆ, ಭಕ್ತಿಗೆ ಹೆದರಲಿಲ್ಲ.

೨೨ ನವೆಂಬರ್. ಸಂತೆ

ಮರಿಯಮಬಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಬಾಯಿಯಲ್ಲಿದ್ದ ಎಲೆ ಉಗುಳಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

‘ಯಾ ಅಲ್ಲಾ! ನನ್ನ ಮಯ್ಯತ್ತು ಅರ್ಧಾ ಮುಗಿಸೇ ಬಿಟ್ರೇನ್ರಿ ವೀರವ್ವಾ? ಇಬತ್ತಿನೂ ಹಚ್ಚಿದ್ರಿ?’

ಅತ್ತೆ ಬಾಗಿಲ ಮರೆಯಿಂದ: ‘ಹಚ್ಚಿದೆ. ತಪ್ಪಾತು.’

‘ತಪ್ಪೇನು, ಬಿಡ್ರಿ. ನಮ್ಮ ಮನ್ಯಾಗ ಮಾತ್ರ ಹೇಳಬ್ಯಾಡ್ರಿ. ಉಳದ ನನ್ನ ಎಲ್ಲಿ ಹೂಳೂದು ಅಂತ ಮಕ್ಕಳು ಈಗಿಂದನ ಜಗಳಾ ತಗೀತಾವ.’

ಎರಡನೇ ಸಲ ಕೊಯ್ಯುವಾಗ ನಗಲಿಲ್ಲ. ಅತ್ತೆ ತಾನಾಗಿಯೇ ಬಂದು ಅವಳ ಕೈ ಹಿಡಿದುಕೊಂಡು ಕೂತಳು. ಸೀಸೆ ಮಾಡಕ್ಕೆ ಹೋಗಲಿಲ್ಲ. ಕೈಯಲ್ಲೇ ಹಿಡಿದುಕೊಂಡು ನೆಟ್ಟಗೆ ಪೋಸ್ಟಿಗೆ ನಡೆದೆ. ಕೂಸು ಅಳುತ್ತಿತ್ತು, ಓಣಿಯ ಕೊನೆತನಕ ಕೇಳಿಸಿತು.

೪ ಡಿಸೆಂಬರ್. ಬೆಳಗಿನ ಮೂರು

ಹನ್ನೆರಡು ದಿನ ಏನೂ ಬರೆದಿಲ್ಲ. ಟಪಾಲಿನವನ ದಾರಿ ಕಾಯುವುದೇ ಕೆಲಸ. ಸರೋಜಳಿಗೆ ಹಲ್ಲು ಬರುತ್ತಿದೆ. ಕಚ್ಚುತ್ತಾಳೆ.

ಮೊನ್ನೆ ಪುಣೆಯಿಂದ ಪತ್ರ ಬಂತು. ಮುದುಕರು ಬರೆದದ್ದು: ಎರಡು ದಿನ ನೋಡಿದೆ, ನನಗೆ ಖಚಿತವಾಗಲಿಲ್ಲ, ಖಚಿತವಿಲ್ಲದ್ದಕ್ಕೆ ಸಹಿ ಮಾಡುವುದಿಲ್ಲ, ಸ್ಲೈಡನ್ನು ಮುಂಬಯಿಗೆ ಕಳಿಸಿದ್ದೇನೆ. ಕೆಳಗೆ ಒಂದು ಸಾಲು—ನಿಮ್ಮ ಖೋಲಿಗಳಿಗೆ ಸುಣ್ಣ ಹೊಡೆಸಿದ್ದೇನೆ, ತೊಟ್ಟಿಲಿಗೆ ಕೊಂಡಿ ಸಹ ಇದೆ.

ಇಷ್ಟು ಒಳ್ಳೆಯ ಮನುಷ್ಯ. ಇವರ ಕೈಕೆಳಗೆ ಕಲಿತರೆ ನಾನೂ ಒಳ್ಳೆಯವಳಾಗುತ್ತೇನೆ. ಮತ್ತು ನನಗೂ ಖಚಿತವಾಗುವುದಿಲ್ಲ. ನಾನೂ ಮುಂಬಯಿಗೆ ಕಳಿಸುತ್ತೇನೆ.

ಆ ತೊಟ್ಟಿಲ ಕೊಂಡಿ ಕಣ್ಣು ಮುಚ್ಚಿದರೂ ಕಾಣುತ್ತದೆ.

೯ ಡಿಸೆಂಬರ್

ಮುಂಬಯಿಯ ರಿಪೋರ್ಟು ಪುಣೆಯ ಮೇಲೆ ಹಾಯ್ದು ಬಂತು. ಕ್ಯಾನ್ಸರ್. ಎರಡು ಸಾಲು, ಒಂದು ಸಹಿ. ಸಂಶಯಕ್ಕೆ ಜಾಗವೇ ಬಿಟ್ಟಿಲ್ಲ.

ಮರಿಯಮಬಿಯ ದೊಡ್ಡ ಮಗ ಬಂದಿದ್ದ. ಮಿರಜಕ್ಕೆ ಕರೆದುಕೊಂಡು ಹೋಗುತ್ತಾನೆ, ನಾಳಿನ ಗಾಡಿಗೆ. ಅಲ್ಲಿನ ಸರ್ಜನ್ನರಿಗೆ ಪತ್ರ ಬರೆದುಕೊಟ್ಟೆ. ಹೊರಡುವಾಗ ಕೇಳಿದ, ‘ಮೊದಲಽ ಗೊತ್ತಾಗಿದ್ರ ಚಲೋ ಇತ್ತಲ್ರಿ ಡಾಕ್ಟರವ್ವಾ?’ ಅತ್ತೆ ಅಲ್ಲೇ ಇದ್ದಳು. ಎದ್ದು ಒಳಗೆ ಹೋದಳು. ಊಟ ಮಾಡಲಿಲ್ಲ.

ತಡವಾದದ್ದರಲ್ಲಿ ಏಳು ದಿನ ಅತ್ತೆಯ ಲೆಕ್ಕಕ್ಕೆ. ಆಮೇಲಿನ ಹದಿನೇಳು ದಿನ ಯಾರ ಲೆಕ್ಕಕ್ಕೆ? ಶಿಗ್ಗಾಂವಿಯಿಂದ ಹಾನಗಲ್ಲ, ಹಿರೇಕೆರೂರ... ಎಲ್ಲಿ ಕೊಯ್ದರೂ ಅದು ಪುಣೆಗೋ ಮುಂಬಯಿಗೋ ಹೋಗಿಯೇ ಬರಬೇಕು. ಇಲ್ಲಿ ಕೂತು ನೋಡಿ ಸಹಿ ಮಾಡುವವರು ಒಬ್ಬರಾದರೂ ಬೇಡವೇ.

ಸಂಜೆ ಅಡಿಗೆಮನೆಯಲ್ಲಿ ಅತ್ತೆಯ ಎದುರು ಕೂತು ಅಂದೆ, ‘ಮುಂಬೈಗೆ ಹೋಗಬೇಕನಸ್ತೈತ್ರಿ.’

ಒಲೆ ಊದುತ್ತಿದ್ದವಳು ನಿಲ್ಲಿಸಿದಳು. ‘ಹೋಗು. ಕೂಸಿನ್ನ ನಾ ನೋಡ್ತೇನಿ.’ ಊದುಗೊಳವೆ ಕೆಳಗಿಟ್ಟಳು. ಆಮೇಲೆ, ‘ನನ್ನ ಕೈಯಾಗ ಬಿಡಾಕ ಧೈರ್ಯ ಐತೇನವಾ ನಿನಗ? ಯಾವ್ದು ಇಡಬೇಕು, ಯಾವ್ದು ಹೂಳಬೇಕು, ನನಗ ತಿಳೀಲಿಲ್ಲ ನೋಡು.’

ಐತ್ರಿ ಅಂದೆ. ಅನ್ನುವುದಕ್ಕೆ ಒಂದು ಗಳಿಗೆ ತಡವಾಯಿತು. ಆ ಗಳಿಗೆ ಅತ್ತೆಗೆ ಕಂಡಿತು.

೧೦ ಡಿಸೆಂಬರ್, ರವಿವಾರ

ಇವರು ಬರಲಿಲ್ಲ. ಸುಗ್ಗಿ. ಚೀಟಿ ಬಂತು: ‘ಯಾವುದನ್ನು ಆರಿಸಿದರೂ ನನಗೆ ಸಂತೋಷ.’

ಸರೋಜಳಿಗೆ ಆಕಳ ಹಾಲು ಕಾಸಿ ಒಳಲೆಯಿಂದ ಕುಡಿಸಿ ನೋಡಿದೆವು. ನನ್ನ ಕೈಯಿಂದ ಕುಡಿಸಿದ್ದನ್ನು ಉಗುಳಿದಳು. ಅತ್ತೆಯ ತೊಡೆಯ ಮೇಲೆ ಮೂರು ಒಳಲೆ ಕುಡಿದಳು. ಅತ್ತೆ ನನ್ನ ಮುಖ ನೋಡಲಿಲ್ಲ, ನಾನು ಅತ್ತೆಯ ಮುಖ ನೋಡಲಿಲ್ಲ. ಸಂತೋಷಪಡಬೇಕಿತ್ತು. ಬಚ್ಚಲಿಗೆ ಹೋಗಿ ಅತ್ತೆ.

ಹೋಗಿ ಅತ್ತೆ ಅಂತ ಬರೆದಿದ್ದೇನೆ. ಅತ್ತದ್ದು ನಾನು, ಅತ್ತೆಯಲ್ಲ. ಅಳು ಬಂತು ಅನ್ನಬೇಕಿತ್ತು. ನಿದ್ದೆ ಇಲ್ಲ.

೧೧ ಡಿಸೆಂಬರ್, ಸೋಮವಾರ. ಸಂಜೆ ಆರೂವರೆ

ಮಧ್ಯಾಹ್ನದಿಂದ ಸರೋಜಳಿಗೆ ಜ್ವರ. ನೂರಾ ಒಂದು. ಗಂಟಲು ಕೆಂಪಾಗಿದೆ, ಎದೆ ಸ್ವಚ್ಛ ಇದೆ. ಎರಡು ದಿನಕ್ಕೆ ಇಳಿಯುತ್ತದೆ. ಬೇರೆಯವರ ಕೂಸಾಗಿದ್ದರೆ ಹೀಗೆ ಹೇಳಿ ಮನೆಗೆ ಕಳಿಸುತ್ತಿದ್ದೆ. ಅತ್ತೆ ಒದ್ದೆ ಅರಿವೆ ಹಾಕುತ್ತ ಕೂತಿದ್ದಾಳೆ. ಎಷ್ಟು ಹೊತ್ತಿಗೊಮ್ಮೆ, ಎಷ್ಟು ಹಿಂಡಬೇಕು, ಎಲ್ಲ ಕೇಳಿ ಕೇಳಿ ಮಾಡುತ್ತಾಳೆ. ಯಾವತ್ತೂ ಕೇಳಿದವಳಲ್ಲ.

ಎರಡು ತಾರು ಬರೆದು ಇಟ್ಟಿದ್ದೇನೆ. ಒಂದು ಮುಂಬಯಿಗೆ ‘ಬರುತ್ತೇನೆ’, ಒಂದು ಪುಣೆಗೆ ‘ಬರುತ್ತೇನೆ’. ಒಂದನ್ನು ಹರಿಯಬೇಕು. ನಾಳೆ ಏಳಕ್ಕೆ ಪೋಸ್ಟು ತೆಗೆದ ಕೂಡಲೆ ಕೊಟ್ಟರೆ ಮುಂಬಯಿಗೆ ನಾಳೆಯೇ ಮುಟ್ಟುತ್ತದೆ. ತಡವಾದರೆ ಹರಿಯುವ ಕೆಲಸವೂ ಇಲ್ಲ.

ಈಗ ಫ್ಯಾಕ್ಟರಿಗೆ ಹೋಗಿದ್ದೆ. ಇವರ ಆಫೀಸು ಮುಚ್ಚಿತ್ತು, ಫೋನ್ ಯಾರೂ ಎತ್ತಲಿಲ್ಲ. ಗುದ್ಲೆಪ್ಪನವರು ಏಳಕ್ಕೆ ಕಾರಿನಲ್ಲಿ ಹುಬ್ಬಳ್ಳಿಗೆ ಹೊರಟಿದ್ದಾರೆ. ‘ಬರದು ಕೊಡವಾ ತಂಗಿ, ಮನೀಗೇ ಮುಟ್ಟಸ್ತೇನಿ’ ಅಂದರು. ಬೇರೆ ಕಾಗದ ಹುಡುಕಲು ವೇಳೆ ಇಲ್ಲ. ಈ ಹಾಳೆಯನ್ನೇ ಹರಿದು ಕೊಡುತ್ತೇನೆ. ಮೇಲಿನದನ್ನೂ ಓದಿದರೆ ಓದಲಿ.

ನೀವು ಓದುತ್ತಿದ್ದೀರಿ. ಕೂಸಿಗೆ ಜ್ವರ ಇದೆ, ಹೆದರುವಂಥದ್ದಲ್ಲ. ನಾನು ಹೆದರಿದ್ದೇನೆ, ಅದು ಬೇರೆ.

ನಿಮ್ಮ ಅವ್ವನವರು ಕೂಸನ್ನು ನೋಡಿಕೊಳ್ಳುತ್ತೇನೆ ಅಂದಿದ್ದಾರೆ. ನೋಡುತ್ತಾರೆ. ಆದರೆ ಎಪ್ಪತ್ತರ ಹತ್ತಿರದ ಹೆಂಗಸು ಒಬ್ಬಳೇ ಎರಡು ವರ್ಷ ನೋಡುವುದಲ್ಲ. ಇಬ್ಬರನ್ನೂ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ನಿಮ್ಮ ಹತ್ತಿರ ಇಟ್ಟುಕೊಳ್ಳುತ್ತೀರಾ? ರಾತ್ರಿ ಅತ್ತರೆ ನೀವು ಏಳುತ್ತೀರಾ? ಜ್ವರ ಬಂದ ದಿನ ಸುಗ್ಗಿ ಬಿಟ್ಟು ಮನೆಗೆ ಬರುತ್ತೀರಾ? ಇಷ್ಟೇ ಕೇಳುವುದು. ನನ್ನ ಇಚ್ಛೆ ಏನು ಅಂತ ನನಗೆ ಶನಿವಾರದಿಂದ ಗೊತ್ತಿದೆ. ನಿಮ್ಮದು ಒಂದೂ ಗೊತ್ತಿಲ್ಲ.

ನಿನ್ನ ಇಚ್ಛಾ ಅನ್ನಬೇಡಿರಿ. ಸಂತೋಷ ಅನ್ನಬೇಡಿರಿ. ಏಳುತ್ತೇನೆ ಅನ್ನಿರಿ, ಇಲ್ಲವೇ ನನ್ನ ಕೈಯಿಂದ ಆಗದು ಅನ್ನಿರಿ. ಆಗದು ಅಂದರೂ ಸಿಟ್ಟಾಗುವುದಿಲ್ಲ, ಪುಣೆಯ ತಾರು ಕೊಟ್ಟು ಬರುತ್ತೇನೆ.

ಬೆಳಗಾಗುವುದರೊಳಗೆ ಫ್ಯಾಕ್ಟರಿಗೆ ಫೋನ್ ಮಾಡಿರಿ. ನಸುಕಿನಲ್ಲೇ ಹೋಗಿ ಕೂತಿರುತ್ತೇನೆ, ಕಾವಲುಗಾರನಿಗೆ ಹೇಳಿದ್ದೇನೆ. ಸರೋಜಳನ್ನು ಅವ್ವನವರ ಹತ್ತಿರ ಬಿಟ್ಟು ಬರುತ್ತೇನೆ. ಲೈನು ಸಿಗದಿದ್ದರೆ ಮತ್ತೆ ಮಾಡಿರಿ. ಏನು ಹೇಳಬೇಕೋ ತಿಳಿಯದಿದ್ದರೂ ಮಾಡಿರಿ. ಕೈಮುಗಿಯುತ್ತೇನೆ, ಏಳರೊಳಗೆ, ಪೋಸ್ಟಿನ ಬಾಗಿಲು ತೆಗೆಯುವುದರೊಳಗೆ ಒಂದು ಸಲ—