ಸತ್ತವಳನ್ನು ಡ್ಯೂಟಿಗೆ ಹಾಕಿದ ಕಾರ್ಮಿಕ ಅಧಿಕಾರಿಗಳಿಗೆ

ಮಾನ್ಯ ಅಧಿಕಾರಿಗಳೇ,

ನನ್ನ ಹೆಂಡತಿ ಸತ್ತು ಐದು ತಿಂಗಳಾಯಿತು. ತಾವಾದರೋ ಕಳೆದ ವಾರ "ಸದರಿಯವರು ಆರೋಗ್ಯವಾಗಿದ್ದು, ಪರಿಶೀಲನೆಯ ದಿನ ಕೆಲಸಕ್ಕೆ ಹಾಜರಿದ್ದರು" ಎಂದು ಬರೆದು ನನ್ನ ದೂರನ್ನು ಮುಕ್ತಾಯಗೊಳಿಸಿದ್ದೀರಿ. ಸರ್ಕಾರಿ ಮೊಹರಿಗೆ ಇಂಥ ಶಕ್ತಿ ಇದೆಯೆಂದು ಗೊತ್ತಿದ್ದರೆ ಸ್ಮಶಾನಕ್ಕೆ ಹೋಗುವ ಮೊದಲು ನಿಮ್ಮಲ್ಲಿಗೇ ಬರುತ್ತಿದ್ದೆ. ಅರ್ಜಿಯನ್ನು "ವಿತ್ ಡ್ಯೂ ರೆಸ್ಪೆಕ್ಟ್" ಎಂದು ಶುರುಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಸಲ್ಲಬೇಕಾದಷ್ಟು ಗೌರವ ಎಂದು ಅದರ ಅರ್ಥವಿರಬೇಕು. ಅಷ್ಟು ಸಲ್ಲಿಸಿಯಾಯಿತು, ಮುಂದಕ್ಕೆ ಹೋಗುತ್ತೇನೆ.

ನನ್ನ ಹೆಂಡತಿ ಕೆಲಸಕ್ಕಿದ್ದ ಹೋಟೆಲನ್ನು ಈಗಿನ ಮಾಲೀಕರು ಕೊಂಡ ವರ್ಷವೇ, ಕೋಣೆ ಗುಡಿಸಿ ಹಾಸಿಗೆ ಹಾಸುವ ಹೆಂಗಸರ ಹೆಸರುಗಳು ಅತಿಥಿಗಳ ನಾಲಿಗೆಗೆ ಕಷ್ಟವೆಂದು ಮಹಡಿಗೊಂದು ಹೆಸರಿಟ್ಟರು. ಆರನೇ ಮಹಡಿಯಲ್ಲಿ ಯಾರೇ ಕೆಲಸ ಮಾಡಲಿ, ಎದೆಯ ಬಿಲ್ಲೆಯಲ್ಲೂ ಹಾಜರಿ ಪುಸ್ತಕದಲ್ಲೂ ಅವಳು ಲಿಲ್ಲಿ. ಹಳಬಳು ಬಿಟ್ಟುಹೋದಾಗ ನನ್ನವಳು ಲಿಲ್ಲಿಯಾದಳು. "ಮನೇಲಾದ್ರೂ ನನ್ನ ಹೆಸರು ಹಿಡಿದು ಕರೀರಿ, ಮರ್ತೇ ಹೋಗತ್ತೆ" ಎನ್ನುತ್ತಿದ್ದಳು. ಮೂವತ್ತೊಂದು ವರ್ಷ "ಏ ಇವಳೇ" ಎಂದೇ ಕೂಗಿದವನು ನಾನು. ಆ ವಿಷಯದಲ್ಲಿ ನನಗೂ ಬಾಯಿಲ್ಲ. ಇರಲಿ.

ಸಾಮಾನಿನ ಲಿಫ್ಟ್ ಕೆಟ್ಟು ಏಳು ತಿಂಗಳಾಗಿತ್ತು. ಅತಿಥಿಗಳ ಲಿಫ್ಟಿನಲ್ಲಿ ಕೆಲಸದವರು ಕಾಲಿಡುವಂತಿಲ್ಲ. ಹೊದಿಕೆಗಳ ಗಂಟು ಹೊತ್ತು ಹಿಂಬದಿ ಮೆಟ್ಟಿಲಲ್ಲಿ ದಿನಕ್ಕೆ ಒಂಬತ್ತು ಸಲ ಆರು ಮಹಡಿ. ಹೃದಯ ಸೋತಿದೆ, ಮೆಟ್ಟಿಲು ಕೂಡದು ಎಂದು ಡಾಕ್ಟರು ಬರೆದ ಚೀಟಿಯನ್ನು ನಾನೇ ಒಯ್ದುಕೊಟ್ಟೆ. ಮಾಲೀಕರು ಓದಿ, ನೀಟಾಗಿ ಮಡಚಿ, ವಾಪಸು ಕೊಟ್ಟರು.

"ಅಲ್ಲ ಯಜಮಾನ್ರೇ, ಹೀಗೆ ಮೆಟ್ಟಿಲು ಹತ್ತೋದಕ್ಕೆ ನಮ್ಮ ಗೆಸ್ಟುಗಳು ಜಿಮ್ಮಿಗೆ ದುಡ್ಡು ಸುರೀತಾರೆ. ನಿಮ್ಮೋರಿಗೆ ಪುಕ್ಕಟೆ ಸಿಕ್ತಿದೆ."

ಮ್ಯಾನೇಜರು ನಕ್ಕರು. ಹೆಂಡತಿಯ ಕೆಲಸ ಉಳಿಯಲೆಂದು ನಾನೂ ನಕ್ಕೆ. ಆ ನಗುವಿಗೆ ನನ್ನ ಮೇಲೂ ಕೇಸು ಹಾಕಿ, ತಪ್ಪೊಪ್ಪಿಕೊಳ್ಳುತ್ತೇನೆ.

ಹನ್ನೆರಡು ದಿನದ ಮೇಲೆ, ನಾಲ್ಕನೇ ಮಹಡಿ ದಾಟಿ, ಅವಳು ಮೆಟ್ಟಿಲ ಮೇಲೆ ಕೂತಳು, ಏಳಲಿಲ್ಲ. ಅತಿಥಿಗಳು ಬೆಚ್ಚಬಾರದಲ್ಲ, ಕೊಳೆಬಟ್ಟೆಯ ಗಾಡಿಯಲ್ಲಿ ಮುದುರಿಸಿ, ಮೇಲೆ ದುಪ್ಪಟಿ ಹೊದಿಸಿ ಇಳಿಸಿದರು, ಅತಿಥಿಗಳ ಲಿಫ್ಟಿನಲ್ಲಿ. ಅವಳು ಅದರೊಳಗೆ ಹೋದದ್ದು ಅದೊಂದೇ ಸಲ. ಮಧ್ಯಾಹ್ನದೊಳಗೆ ಬಿಲ್ಲೆ ಬೇರೊಬ್ಬಳ ಎದೆಯ ಮೇಲಿತ್ತು.

ದೂರಿನಲ್ಲಿ ಅವಳ ನಿಜವಾದ ಹೆಸರು ಬರೆದು, ಗುರುತಿಗೆಂದು "ಅಲ್ಲಿ ಲಿಲ್ಲಿ ಎನ್ನುತ್ತಾರೆ" ಎಂದು ಸೇರಿಸಿದ್ದೆ. ಮರಣ ಪ್ರಮಾಣಪತ್ರವನ್ನೂ ಲಗತ್ತಿಸಿದ್ದೆ. ಆ ಹೆಸರಿನವರು ನಮ್ಮಲ್ಲಿ ಇರಲೇ ಇಲ್ಲ, ಲಿಲ್ಲಿ ಇದ್ದಾಳೆ, ನೋಡಿ ಎಂದರಂತೆ ಮಾಲೀಕರು. ನಿಮ್ಮ ಇನ್ಸ್‌ಪೆಕ್ಟರು ನೋಡಿದರು.

"ಲಿಲ್ಲಿ ನೀನೇನಮ್ಮಾ?"

"ಹೌದು ಸಾರ್."

"ಆರಾಮಾಗಿದ್ದೀಯಾ?"

"ಇದ್ದೀನಿ ಸಾರ್."

ತನಿಖೆ ಮುಗಿಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದರೆ ನೀವು ಕನ್ನಡಿ ಇಟ್ಟುಕೊಂಡು ಅಂಗೈಯನ್ನೇ ಎಸೆದಿರಿ. ಪ್ರಮಾಣಪತ್ರವನ್ನು ಒಬ್ಬರಾದರೂ ಬಿಡಿಸಿ ನೋಡಿದಿರಾ? ಸತ್ತವಳು ಹೇಗೆ ಉತ್ತರ ಕೊಟ್ಟಳೆಂದು ಸಹಿ ಹಾಕುವಾಗ ತಮ್ಮ ಕೈ ಕೇಳಲಿಲ್ಲವೇ?

ಇದನ್ನೆಲ್ಲ ನನಗೆ ಹೇಳಿದ್ದು ಆ ಹೊಸ ಲಿಲ್ಲಿಯೇ. ಮನೆಗೆ ಬಂದು ಬಾಗಿಲಲ್ಲೇ ನಿಂತಳು. "ಅಣ್ಣಾ, ಅಕ್ಕನ ವಿಷಯ ಕೇಳ್ತಿದ್ದಾರೆ ಅಂತ ನಂಗೆ ಗೊತ್ತಾಗ್ಲಿಲ್ಲ" ಎಂದಳು. ಅವಳೀಗ ಆರು ತಿಂಗಳ ಬಸುರಿ. ಲಿಫ್ಟ್ ಇನ್ನೂ ಕೆಟ್ಟೇ ಇದೆ.

ಆದ್ದರಿಂದ ಬರುವ ಸೋಮವಾರದೊಳಗೆ ದೂರನ್ನು ಮತ್ತೆ ತೆರೆಯಿರಿ. ಆ ಬಸುರಿಯನ್ನು ಕೆಲಸದಿಂದ ತೆಗೆಯದಂತೆ, ಮೆಟ್ಟಿಲು ಹತ್ತಿಸದಂತೆ ಇಂದೇ ಲಿಖಿತ ಆದೇಶ ಹೊರಡಿಸಿ. ಮಾಲೀಕರ ಮೇಲೆ ಮೊಕದ್ದಮೆ ಹೂಡಿ. ಅವರು ಕಟಕಟೆಯಲ್ಲಿ ನಿಂತು, ಆರೂ ಮಹಡಿಯ ಹೆಂಗಸರ ಸ್ವಂತ ಹೆಸರುಗಳನ್ನು ಒಂದೊಂದಾಗಿ ಹೇಳಲಿ. ತಡವರಿಸಿದರೆ ನೋಡಲು ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ. ನಿಮ್ಮ ಸಹಿಗೂ ಉತ್ತರ ಕೇಳುವ ಮೇಲಧಿಕಾರಿಗಳಿದ್ದಾರೆ. ಅವರ ವಿಳಾಸ ನನ್ನಲ್ಲಿದೆ.

ನನ್ನ ಹೆಂಡತಿಯಾಗಿದ್ದರೆ "ಹೋಗ್ಲಿ ಬಿಡಿ, ಅವ್ರಿಗೂ ಮಕ್ಕಳು ಮರಿ ಇದ್ದಾರೆ" ಎನ್ನುತ್ತಿದ್ದಳು. ಹಾಗೆನ್ನುವ ಒಬ್ಬಳಿದ್ದಳು, ಅವಳನ್ನೇ ಕೊಂದರು. ಉಳಿದವನು ನಾನು. ನಾನು ಬಿಡುವವನಲ್ಲ.

ಇಂತಿ,
ತಮ್ಮ ಕಡತದ ಪ್ರಕಾರ ಇನ್ನೂ ವಿಧುರನಾಗದ ಗಂಡ