ಒಗೆದ ಪರದೆ

ಸಿಟ್ಟು ಮಾಡಿಕೊಂಡು ಹೋದ ಮಗಳಿಗೆ ಅಮ್ಮನ ಆಶೀರ್ವಾದ.

ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದವನ್ನು ನಿನ್ನ ಅಣ್ಣನ ಕೈಲಿ ಕಳಿಸುತ್ತಿದ್ದೇನೆ. ನಮ್ಮ ಮನೇಲಿ ಶೂಟಿಂಗ್ ಮಾಡುತ್ತಿದ್ದ ನಿನ್ನ ಸಿನಿಮಾದವರು ನನ್ನ ನಡುಮನೆಯ ಕಿಟಕಿ ಪರದೆಗೆ ದೃಶ್ಯಕ್ಕಾಗಿ ಬೇಕೆಂದೇ ಕಲೆ ಹಾಕಿದ್ದರೆಂದು ನನಗೆ ಯಾರೂ ಹೇಳಲಿಲ್ಲ. ನಿಮ್ಮ ರಜೆಯ ದಿನ ಕಣ್ಣಿಗೆ ಬಿತ್ತು, ಒಗೆದೆ. "ಅಮ್ಮಾ, ಅರ್ಧ ದೃಶ್ಯದಲ್ಲಿ ಕೊಳಕು ಪರದೆ, ಇನ್ನರ್ಧದಲ್ಲಿ ಬೆಳ್ಳಗೆ! ನೋಡಿದವರು ಏನಂತಾರೆ?" ಎಂದು ಕೂಗಾಡಿದೆ. "ಮನೇಲಿ ಒಗೆಯೋರು ಇದ್ದಾರೆ ಅಂತಾರೆ" ಎಂದೆ. ನೀನು ಎಲ್ಲರನ್ನೂ ಕರೆದುಕೊಂಡು ಹೊರಟೇಹೋದೆ.

ನಿನ್ನೆ ಸರ್ಕಾರದ ಚಲನಚಿತ್ರ ಮಂಡಳಿಯ ಅಧಿಕಾರಿ ಬಂದಿದ್ದರು. ಕೆಲಸ ನಿಂತಿದೆಯೆಂದು ಯಾರೋ ಚಾಡಿ ಹೇಳಿದ್ದರಂತೆ. ನಿಂತಿದ್ದರೆ ನಿನ್ನ ಸಿನಿಮಾಕ್ಕೆ ಸಹಾಯಧನದ ಉಳಿದ ಕಂತು ಬರುವುದಿಲ್ಲವಂತೆ. ಅವರು ಕುರ್ಚಿ ಎಳೆದುಕೊಳ್ಳಲು ಹೋದರು. "ಸ್ವಾಮಿ, ಅದನ್ನ ಮುಟ್ಟಬೇಡಿ, ಶೂಟಿಂಗ್‌ನವರು ಹಾಕಿದ ಸೀಮೆಸುಣ್ಣದ ಗುರುತಿನ ಮೇಲಿದೆ, ಅಲುಗಬಾರದು. ಸೋಮವಾರ ಶೂಟಿಂಗ್ ಇದೆ" ಎಂದೆ. ಪಾಪ, ನಿಂತೇ ಕಾಫಿ ಕುಡಿದರು. "ಇಷ್ಟು ಕಟ್ಟುನಿಟ್ಟು ನಾನು ಎಲ್ಲೂ ನೋಡಿಲ್ಲಮ್ಮ" ಎಂದು ನಕ್ಕು, ಕೆಲಸ ನಡೆಯುತ್ತಿದೆಯೆಂದು ಬರೆದುಕೊಂಡು ಹೋದರು.

ನನ್ನ ಮಾತು ಸುಳ್ಳಾಗಬಾರದು. ನಿಮ್ಮ ಕಲಾವಿಭಾಗದ ಹುಡುಗಿ ಪರದೆಯ ಫೋಟೊ ತೆಗೆದು ಬಾಗಿಲ ಹಿಂದೆ ಅಂಟಿಸಿದ್ದಳಲ್ಲ, ಅದನ್ನು ನೋಡಿಕೊಂಡು ಚಹಾ ಕುದಿಸಿದ ನೀರಿನಲ್ಲಿ ಒಂದೊಂದು ಕಲೆಯನ್ನೂ ಅದರದರ ಜಾಗದಲ್ಲೇ ಹಾಕಿದ್ದೇನೆ. ಸಿನಿಮಾನೂ ಒಂದು ಕೆಲಸವೇ ಎಂದು ನಾನೇ ಆಡಿಕೊಳ್ಳುತ್ತಿದ್ದೆ. ಈಗ ಸೊಂಟ ಹಿಡಿದುಕೊಂಡಿದೆ.

ಸೋಮವಾರ ಎಲ್ಲರನ್ನೂ ಕರೆದುಕೊಂಡು ಬಾ. ಮನೆಯನ್ನು ನೀವು ಬಿಟ್ಟುಹೋದ ಹಾಗೇ ಕೊಳಕಾಗಿ ಇಟ್ಟಿದ್ದೇನೆ. ನಿನ್ನ ಸಿನಿಮಾ ಮುಗಿಯುವವರೆಗೆ ಪೊರಕೆ ಮುಟ್ಟುವುದಿಲ್ಲ.

ಇಂತಿ,
ನಿನ್ನ ಅಮ್ಮ