ಬೆಚಾದ ಎಡಗಡೆ

ಮಾರ್ಚ್ ೩, ಬೆಳಿಗ್ಗೆ

ಮತ್ತೆ ಅದೇ. ತಟ್ಟೆಯ ಬಲಭಾಗದ ಅನ್ನ, ಹಲಸಿನ ಪಲ್ಯ ಖಾಲಿ. ಎಡಭಾಗ ಮುಟ್ಟಿಲ್ಲ. ತಟ್ಟೆ ತಿರುಗಿಸಿಟ್ಟೆ. ‘ಇನ್ನೂ ಇತ್ತಾ ಮಾಸ್? ಹೇಳ್ಬಾರ್ದಾ?’ ಎಂದು ನನ್ನ ಮೇಲೇ ರೇಗಿದಳು ಹರ್ತಿನಿ. ಸಿಟ್ಟಿನಲ್ಲೂ ಗಂಡನನ್ನು ‘ಮಾಸ್’ ಎಂದೇ ಕರೆಯುತ್ತಾಳೆ. ಸ್ಟ್ರೋಕ್ ಆದರೂ ನನ್ನ ಹೆಂಡತಿಯ ಬಾಯಿಗೆ ಏನೂ ಆಗಿಲ್ಲ. ಸದ್ಯ!

ಮಾರ್ಚ್ ೫

ಆಸ್ಪತ್ರೆ. ಕಣ್ಣು ಸರಿಯಿದೆ, ಮಿದುಳು ಎಡಗಡೆಯನ್ನು ಗಮನಿಸುತ್ತಿಲ್ಲ ಎಂದರು ಡಾಕ್ಟರ್ ವೆನಿಂಗ್. ನೆನಪಿನಲ್ಲೂ ಹಾಗೇ ಇರಬಹುದಂತೆ. ಪರೀಕ್ಷಿಸಿದರು.

‘ಕಣ್ಣು ಮುಚ್ಕೊಳ್ಳಿ ಅಮ್ಮ. ಸಂಜೆ ಬೆಚಾ ಹತ್ತಿ ಮಾರ್ಕೆಟ್‌ಗೆ ಹೋಗ್ತಿದೀರಿ. ಬೆಚಾದವ ಹಿಂದಿಂದ ಸೈಕಲ್ ತುಳೀತಿದಾನೆ, ನೀವು ಮುಂದಿನ ಸೀಟಲ್ಲಿದೀರಿ. ಏನ್ ಕಾಣ್ಸುತ್ತೆ?’

ಬಾತಿಕ್ ಬಟ್ಟೆಯಂಗಡಿ, ಗಡಿಯಾರ ರಿಪೇರಿಯವನು, ಸಾಟೆ ಮಾಂಸ ಸುಡುವ ಹೊಗೆ... ಎಲ್ಲ ಬಲಗಡೆಯವು.

‘ಜೊತೇಲಿ ಯಾರಿದಾರೆ?’

‘ಯಾರೂ ಇಲ್ಲ. ಒಬ್ಬಳೇ.’

ಅವಳು ಮೊದಲು ಹತ್ತಿ ಒಳಗೆ ಸರಿಯುವಳು. ನಾನು ಆಮೇಲೆ, ರಸ್ತೆಯಂಚಿನಿಂದ. ಎಡಗಡೆ. ಮದುವೆಯಾದಾಗಿನಿಂದ ಅದೇ ನನ್ನ ಜಾಗ. ಅಲ್ಲಿ ಯಾರೂ ಇಲ್ಲವಂತೆ.

ಮಾರ್ಚ್ ೬

ಯೂನಿವರ್ಸಿಟಿಯಲ್ಲಿ ಫಿಲಾಸಫಿ ಪಾಠ ಹೇಳಿದ್ದೇ ಹೇಳಿದ್ದು — ಮನಸ್ಸಿನಲ್ಲಿ ಚಿತ್ರಗಿತ್ರ ಏನೂ ಇಲ್ಲ, ಇದ್ದರೆ ಅದನ್ನು ನೋಡುವವರು ಯಾರು? ಹುಡುಗರು ತಲೆದೂಗುತ್ತಿದ್ದರು. ಈಗ ಆ ಇಲ್ಲದ ಚಿತ್ರದಲ್ಲಿ ನನ್ನ ಜಾಗ ಹುಡುಕುತ್ತಿದ್ದೇನೆ. ಮಾಡಿದ್ದುಣ್ಣೋ ಮಹರಾಯ.

ಮಾರ್ಚ್ ೧೪, ಸಂಜೆ

ಉಪಾಯ ಹೊಳೆಯಿತು. ಕಣ್ಣು ಮುಚ್ಚಿಸಿ ಹೇಳಿದೆ.

‘ನೀನು ಮಾರ್ಕೆಟ್ ಬಾಗಿಲಲ್ಲಿ ನಿಂತಿದೀಯ. ನಮ್ಮ ಬೆಚಾ ಎದುರಿಂದ ಬರ್ತಿದೆ. ಯಾರಿದಾರೆ ನೋಡು.’

ಮುಖ ಅರಳಿತು. ‘ನೀವು! ಅದೇ ಹಳದಿ ಷರ್ಟು. ಜಂಬ ನೋಡು, ಮಂತ್ರಿ ಥರ!’

ಅಬ್ಬಾ, ಇದ್ದೇನೆ! ಎದುರಿನಿಂದ ನೋಡಿದರೆ ನನ್ನ ಎಡ ಅವಳಿಗೆ ಬಲ. ಚಪ್ಪಾಳೆ ತಟ್ಟಿಬಿಟ್ಟೆ.

‘ಮಾಸ್... ಪಕ್ಕದಲ್ಲಿ ನಾನಿಲ್ಲ. ನಾನು ಸತ್ತೋಗಿದೀನಾ?’

ಕೈ ಹಿಡಿದುಕೊಂಡೆ. ಇಬ್ಬರೂ ಅತ್ತೆವು.

ಮಾರ್ಚ್ ೨೯

ಬರೆಯುವ ಮನಸ್ಸಿರಲಿಲ್ಲ. ಒಂದು ಚಿತ್ರದಲ್ಲಿ ನಾನಿಲ್ಲ, ಇನ್ನೊಂದರಲ್ಲಿ ಅವಳಿಲ್ಲ.

ಇವತ್ತು ಪಕ್ಕದ ಓಣಿಯಲ್ಲಿ ಮದುವೆ. ಗಮೆಲಾನ್ ವಾದ್ಯ ಕೇಳುತ್ತಿತ್ತು. ಹರ್ತಿನಿ ಕಣ್ಣು ಮುಚ್ಚಿ ತಾನಾಗಿಯೇ ಶುರುಮಾಡಿದಳು. ‘ನಮ್ ಮದುವೇಲಿ ಎಷ್ಟು ಬೆವರ್ತಿದ್ರಿ ನೀವು! ಕರ್ಚೀಫ್ ತಗೊಂಡು ಒರೆಸಕ್ಕೆ ಹೋದೆ, ನಮ್ಮಮ್ಮ ಕಣ್ ಬಿಟ್ಳು. ನಾಚ್ಕೆ ಇಲ್ವೇನೇ ಅಂತ!’

ಮೆಲ್ಲಗೆ ಕೇಳಿದೆ. ‘ಮಣೆ ಮೇಲೆ ಯಾರ್ಯಾರಿದಾರೆ?’

‘ನಾವಿಬ್ರೂ. ಇನ್ಯಾರು ಇರ್ತಾರೆ?’

ಮದುಮಗಳು ಗಂಡನ ಎಡಕ್ಕೇ ಕೂರಬೇಕು. ಅಂದರೆ ನಾನು ಅವಳ ಬಲಕ್ಕೆ! ಕಂದಾಚಾರ ಎಂದು ಅವತ್ತು ಎಷ್ಟು ಗೊಣಗಿದ್ದೆ. ಚಿತ್ರ ನೋಡುವವಳು ಇದ್ದಾಳೆ, ಅಷ್ಟು ಸಾಕು.

ಮಾರ್ಚ್ ೩೦, ಸಂಜೆ

ಅವರ ಎಡಗಡೆಯೇ ಕೂರಿ, ಆ ಕಡೆ ನೋಡೋದು ಅಭ್ಯಾಸವಾಗಲಿ ಎಂದಿದ್ದಾರೆ ಡಾಕ್ಟರ್. ನಾಳೆಯಿಂದ. ಇವತ್ತು ಮಾತ್ರ ನಾನೇ ಮೊದಲು ಹತ್ತಿ ಒಳಗೆ, ಅವಳ ಬಲಕ್ಕೆ, ಸರಿಯುತ್ತೇನೆ. ಓಣಿಯವರು ನಗಲಿ, ಮುದುಕನಿಗೆ ರೀತಿನೀತಿ ಇಲ್ಲ ಎನ್ನಲಿ.

ಬೆಚಾ ಬಂತು. ಬಾಗಿಲಿನಿಂದ ಕೂಗುತ್ತಿದ್ದಾಳೆ. ‘ಬರೆದಿದ್ದು ಸಾಕು, ಬನ್ನಿ ಮಾಸ್! ನಾನೇನು ಒಬ್ಬಳೇ ಹೋಗ್ಲಾ—’